ಎಂಟರ ಲೆಕ್ಕದ ಊರಿಗೆ

ಕೆಂಗೇರಿ ಉಪನಗರದಿಂದ ರಾಜಾಜಿನಗರಕ್ಕೆ ಮೆಟ್ರೊ ಇದೆ. ಆದರೆ ಗಜಕ್ಕಿಂತ ಉದ್ದದ ಸಿಂಥಸೈಜರನ್ನು ಹೊತ್ತು ಜನಜಂಗುಳಿಯಲ್ಲಿ ಹತ್ತಿಳಿಯಲು ಮಾವ ಸುತರಾಂ ಒಪ್ಪಲಿಲ್ಲ. ಆಟೋದಲ್ಲಿ ಅದನ್ನು ಇಬ್ಬರ ತೊಡೆಯ ಮೇಲೂ ಅಡ್ಡ ಮಲಗಿಸಿಕೊಂಡು ಮೈಸೂರು ರಸ್ತೆ ಹಿಡಿದೆವು.

ಅದು 61 ಕೀಗಳ ಜಪಾನಿ ವಾದ್ಯ. ತೊಂಬತ್ತರ ದಶಕದಲ್ಲಿ ವಿಜಯನಗರದ ಗಣೇಶನ ಪೆಂಡಾಲುಗಳಲ್ಲಿ, ರಾಜ್ಯೋತ್ಸವದ ಆರ್ಕೆಸ್ಟ್ರಾಗಳಲ್ಲಿ ಮಾವ ಅದರ ಮೇಲೆ ‘ಪ್ರೇಮಲೋಕ’ದ ಹಾಡುಗಳನ್ನು ನುಡಿಸಿ ಶಿಳ್ಳೆ ಗಿಟ್ಟಿಸಿದ್ದರು. ಈಗ ಹತ್ತು ಕೀಗಳು ಒತ್ತಿದರೂ ಉಸಿರೆತ್ತುತ್ತಿರಲಿಲ್ಲ. “ಒಂದು ಸ್ಥಾಯಿಯಲ್ಲಿ ಪಂಚಮ ಇಲ್ಲ, ಇನ್ನೊಂದರಲ್ಲಿ ನಿಷಾದ ಇಲ್ಲ. ಯಾವ ರಾಗ ನುಡಿಸ್ಲಯ್ಯಾ?” ಎಂದು ದಾರಿಯುದ್ದಕ್ಕೂ ಗೊಣಗಿದರು.

ತಲೆಯ ಮೇಲೆ 2021ರಲ್ಲಿ ಕೆಂಗೇರಿ ಮುಟ್ಟಿದ ಮೆಟ್ರೊದ ನೇರಳೆ ಮಾರ್ಗ, ಪಕ್ಕದಲ್ಲಿ ವೃಷಭಾವತಿ. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟಿದಳೆಂದು ಜನ ನಂಬುವ ಈ ನದಿ ಇಂದು ಊರ ಕೊಳಚೆಯನ್ನು ಬೈರಮಂಗಲದ ಕೆರೆಗೆ ಸಾಗಿಸುತ್ತದೆ. ನಾಯಂಡಹಳ್ಳಿ ದಾಟುವವರೆಗೂ ಮೂಗಿನ ಮೇಲೆ ಕರವಸ್ತ್ರ. ವಿಜಯನಗರ, ಮಾಗಡಿ ರಸ್ತೆ, ಬಸವೇಶ್ವರನಗರದ ಹಾವನೂರು ವೃತ್ತ ಕಳೆದು, ಲೇತ್‌ಗಳ ಸದ್ದು ಕೇಳುವ ರಾಜಾಜಿನಗರದ ಕೈಗಾರಿಕಾ ಬಡಾವಣೆಯ ಗಲ್ಲಿಯೊಂದರಲ್ಲಿ ರಿಪೇರಿ ಅಂಗಡಿಯ ಮುಂದೆ ಇಳಿದೆವು.

ರಿಪೇರಿಯವರು ಸ್ಕ್ರೂಡ್ರೈವರ್ ಮುಟ್ಟಲೇ ಇಲ್ಲ. ಎಡತುದಿಯಿಂದ ಒಂದೊಂದೇ ಕೀ ಒತ್ತುತ್ತ, ಸುಮ್ಮನಿದ್ದವುಗಳ ಸಂಖ್ಯೆಯನ್ನು ಚೀಟಿಯಲ್ಲಿ ಬರೆದರು: 4, 12, 20, 28, 36, 44, 52, 60. ಜೊತೆಗೆ ಬೇರೆ ಎರಡು ಬಿಡಿ ಕೀಗಳು.

“ನೋಡಿ ಸಾರ್, ಎಂಟೆಂಟಕ್ಕೆ ಹೋಗಿದೆ. ಇಷ್ಟೂ ಕೀಗೆ ಕಾಯಿಲೆ ಒಂದೇ.”

ನಾನು ಬೆರಗಾದದ್ದು ಅಲ್ಲಿ. ಸಂಗೀತಗಾರ ಹನ್ನೆರಡು ಸ್ವರಸ್ಥಾನಗಳಲ್ಲಿ ಎಣಿಸುತ್ತಾನೆ, ಯಂತ್ರ ಎಂಟರಲ್ಲಿ ಎಣಿಸುತ್ತದೆ. ಪ್ರತಿ ಕೀಗೂ ಪ್ರತ್ಯೇಕ ತಂತಿ ಎಳೆದರೆ ತಂತಿಗಳು ತೀರಾ ಹೆಚ್ಚಾಗುತ್ತವೆ. ಅದಕ್ಕೇ ಎಂಟೆಂಟು ಕೀಗಳ ಗುಂಪು ಮಾಡಿ, ಪ್ರತಿ ಗುಂಪಿನ ಅದೇ ಸ್ಥಾನದ ಕೀಗಳಿಗೆ ಒಂದೇ ತಂತಿ ಕೊಟ್ಟಿರುತ್ತಾರೆ. ಪ್ರೊಸೆಸರ್ ಗುಂಪುಗಳನ್ನು ಬಿಡುವಿಲ್ಲದೆ ಒಂದಾದ ಮೇಲೊಂದರಂತೆ ವಿಚಾರಿಸುತ್ತಿರುತ್ತದೆ. ಒಂದು ತಂತಿ ಕೈಕೊಟ್ಟರೆ ಎಂಟು ಕೀ ಮೌನ. ಎಡತುದಿಯ ಕೀಯಾದ ಬಿಳಿ ಒಂದನ್ನು ಷಡ್ಜ ಮಾಡಿಕೊಂಡು ಲೆಕ್ಕ ಹಾಕಿದೆ: ಒಂದು, ಮೂರು, ಐದನೆಯ ಸ್ಥಾಯಿಗಳಲ್ಲಿ ಸಾಧಾರಣ ಗಾಂಧಾರ ಮತ್ತು ಕಾಕಲಿ ನಿಷಾದ ಇಲ್ಲ, ಎರಡು, ನಾಲ್ಕರಲ್ಲಿ ಪಂಚಮ ಇಲ್ಲ. ಮಾವನ ಗೊಣಗಾಟ ಕರಾರುವಾಕ್ಕಾಗಿ ಗಣಿತವಾಗಿತ್ತು!

ಮುಚ್ಚಳ ತೆಗೆದರು. ಪೆಂಡಾಲುಗಳ ಚಮಕಿ, ಧೂಳು, ಒಂದು ಬೆಂಕಿಕಡ್ಡಿ. ರಿಬ್ಬನ್ ಕೇಬಲ್‌ನ ಕನೆಕ್ಟರ್‌ನಲ್ಲಿ ಒಂದು ಪಿನ್ ಕಪ್ಪಗಾಗಿತ್ತು. “ಕೆಂಗೇರಿ ಮೋರಿ ಪಕ್ಕದ ಮನೆ ಅಂದ್ರಲ್ಲ, ಆಗ್ಲೇ ಅನ್ಕೊಂಡೆ,” ಎಂದರು. ಕೊಳಚೆಯಿಂದೇಳುವ ಹೈಡ್ರೋಜನ್ ಸಲ್ಫೈಡ್ ಬೆಳ್ಳಿ, ತಾಮ್ರಗಳನ್ನು ಕಪ್ಪಾಗಿಸುತ್ತದೆ; ಆ ಪದರ ದಪ್ಪವಾದರೆ ಸಂಪರ್ಕ ಕೆಡುತ್ತದೆ. ಪಿನ್ ಉಜ್ಜಿ, ಬೆಸುಗೆ ಹೊಸದಾಗಿ ಹಾಕಿ, ಮೀಟರ್ ಹಿಡಿದರು. ಬೀಪ್ ಬಂತು. ಎಂಟೂ ಕೀಗಳು ಒಟ್ಟಿಗೇ ಎದ್ದವು.

ಉಳಿದೆರಡಕ್ಕೆ ಕೀಗಳನ್ನೇ ಕಳಚಬೇಕಾಯಿತು. ಕೆಳಗೆ ರಬ್ಬರ್ ಪಟ್ಟಿ. ಪ್ರತಿ ಕೀಗೂ ಅದರಲ್ಲಿ ಒಂದು ಉಬ್ಬು, ಉಬ್ಬಿನೊಳಗೆ ಎರಡು ಕಾರ್ಬನ್ ಬೊಟ್ಟು: ಒಂದು ತುಸು ಮೊದಲು ತಾಗುತ್ತದೆ, ಇನ್ನೊಂದು ಆಮೇಲೆ. ನಡುವಿನ ಕೆಲವೇ ಮಿಲಿಸೆಕೆಂಡುಗಳನ್ನು ಅಳೆದು ಯಂತ್ರ ದನಿಯ ಏರಿಳಿತ ನಿರ್ಧರಿಸುತ್ತದೆ. ಅಂತರ ಕಡಿಮೆಯಾದಷ್ಟೂ ನಾದ ಜೋರು. ನಾವು ಬೆರಳ ಭಾರವೆಂದುಕೊಂಡದ್ದು ಅದರ ಪಾಲಿಗೆ ಬರೀ ವೇಗ. 1970ರ ಮಿನಿಮೂಗ್ ಸಿಂಥಸೈಜರ್‌ಗೆ ಈ ಸೂಕ್ಷ್ಮ ತಿಳಿಯದು. ಮೆಲ್ಲಗೆ ಮುಟ್ಟಿದರೂ ಗುದ್ದಿದರೂ ಅದಕ್ಕೆ ಒಂದೇ. 1983ರ ಯಮಹಾ ಡಿಎಕ್ಸ್7ಗೆ ತಿಳಿಯುತ್ತಿತ್ತು. ಅದೇ ವರ್ಷ ಬಂದ, ವಾದ್ಯಗಳು ತಮ್ಮೊಳಗೆ ಮಾತಾಡಿಕೊಳ್ಳಲು ಬಳಸುವ ಮಿಡಿ ಒಪ್ಪಂದ ಈ ವೇಗಕ್ಕೆ 1ರಿಂದ 127ರವರೆಗೆ ಅಂಕ ಕೊಟ್ಟಿತು.

ಎರಡು ಬೊಟ್ಟುಗಳಲ್ಲಿ ಒಂದಕ್ಕೆ ಧೂಳು ಕೂತರೂ ಲೆಕ್ಕ ತಪ್ಪುತ್ತದೆ. ರಿಪೇರಿಯವರು ಕಿವಿ ಬಡ್ಸ್‌ಗೆ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿ, ಬೋರ್ಡಿನ ಕಾರ್ಬನ್ ಗೆರೆಗಳನ್ನೂ ಬೊಟ್ಟುಗಳನ್ನೂ ಹಗುರಾಗಿ ಒರೆಸಿ ಒಣಗಲು ಬಿಟ್ಟರು. ಮರಳುಕಾಗದ ಹಾಕಿದರೆ ಕಾರ್ಬನ್ನೇ ಎದ್ದುಹೋಗುತ್ತದಂತೆ. ಜೋಡಿಸಿದ ಮೇಲೆ ಮಾವ ಕೆಳಸ್ಥಾಯಿಯಿಂದ ತುದಿಯವರೆಗೆ ಸರಸರನೆ ಬೆರಳಾಡಿಸಿದರು. ಎಲ್ಲೂ ಗುಂಡಿ ಬೀಳಲಿಲ್ಲ. ಪಕ್ಕದ ಲೇತ್ ಅಂಗಡಿಯ ಹುಡುಗರೂ ಬಾಗಿಲಿಗೆ ಬಂದು ನಿಂತರು.

ನಿಮ್ಮ ಅಟ್ಟದ ಮೇಲೂ ಇಂಥದ್ದೊಂದಿದ್ದರೆ ಗುಜರಿಗೆ ಹಾಕುವ ಮೊದಲು ಎಡಗಡೆಯಿಂದ ಎಣಿಸಿ, ಮೂಕವಾದ ಕೀಗಳ ಸಂಖ್ಯೆ ಬರೆದಿಡಿ. ಬಿಡಿಬಿಡಿಯಾಗಿದ್ದರೆ ಬಹುಮಟ್ಟಿಗೆ ಕೊಳೆ. ಎಂಟರ ಲೆಕ್ಕಕ್ಕೆ ಬಂದರೆ ತಂತಿಯನ್ನೋ ಬೆಸುಗೆಯನ್ನೋ ನೋಡಿಸಿ. ಆ ಚೀಟಿ ಹಿಡಿದು ಹೋದರೆ ರಿಪೇರಿಯವರ ಅರ್ಧ ಕೆಲಸ ಮುಗಿದಂತೆ.