ನಾನು ಮೆಚ್ಚಿದ ಮೂವರು ಹಾಡುಗಾರ್ತಿಯರು



ಈ ಸಲದ ಗೋಡೆ ಪತ್ರಿಕೆಗೆ ಸಂಗೀತಗಾರರ ಪರಿಚಯ ಬರೆಯಬೇಕೆಂದಾಗ ಪುರಂದರದಾಸರನ್ನೂ ತಾನಸೇನನನ್ನೂ ಉಳಿದವರು ಮೊದಲೇ ಹಂಚಿಕೊಂಡುಬಿಟ್ಟರು. ಒಳ್ಳೇದೇ ಆಯಿತು. ನಾನು ಬೇರೆ ಬೇರೆ ನಾಡಿನ ಮೂವರು ಹೆಣ್ಣುಮಕ್ಕಳನ್ನು ಆರಿಸಿಕೊಂಡೆ. ಇವರು ಒಬ್ಬರ ಭಾಷೆ ಒಬ್ಬರಿಗೆ ತಿಳಿಯದವರು. ಆದರೆ ಮೂವರಿಗೂ ಯಾರೋ ಒಬ್ಬರು ಅಡ್ಡ ನಿಂತಿದ್ದರು.

ಮೊದಲನೆಯವರು ಈಜಿಪ್ತಿನ ಉಮ್ ಕುಲ್ಸುಮ್. ನೈಲ್ ನದಿಯ ಮುಖಜ ಭೂಮಿಯಲ್ಲಿ ನಮ್ಮೂರಿನಂಥದೇ ಒಂದು ಹಳ್ಳಿ ಅವರದು. ತಂದೆ ಮಸೀದಿಯಲ್ಲಿ ಇಮಾಮರು. ಮದುವೆ ಮನೆಗಳಿಗೆ ಹೋಗಿ ದೇವರ ಹಾಡು ಹಾಡುತ್ತಿದ್ದರು. ಅವರು ಮಗನಿಗೆ ಕಲಿಸುತ್ತಿದ್ದುದನ್ನು ಕೇಳಿ ಕೇಳಿಯೇ ಮಗಳು ಕಲಿತುಬಿಟ್ಟಳು. ಆದರೆ ಹೆಣ್ಣುಹುಡುಗಿ ಮಂದಿ ಮುಂದೆ ಹಾಡುವುದೆಂದರೆ ಹೇಗೆ? ತಂದೆ ಆಕೆಗೆ ಹುಡುಗನ ಬಟ್ಟೆ ತೊಡಿಸಿ ಕರೆದೊಯ್ದರು! ಮುಂದೆ ಕೈರೋ ನಗರಕ್ಕೆ ಹೋದ ಮೇಲೆ ಆ ವೇಷ ಬಿಟ್ಟರು. ತಿಂಗಳ ಮೊದಲ ಗುರುವಾರ ರಾತ್ರಿ ರೇಡಿಯೋದಲ್ಲಿ ಅವರ ಹಾಡು ಬಂತೆಂದರೆ ಅರಬ್ ನಾಡುಗಳ ಮಂದಿಯೆಲ್ಲ ರೇಡಿಯೋ ಮುಂದೆ ಕೂಡುತ್ತಿದ್ದರು. ಒಂದೇ ಹಾಡು ಒಂದು ತಾಸು ನಡೆಯುವುದೂ ಇತ್ತು. ಒಂದೇ ಸಾಲನ್ನು ಹೊರಳಿಸಿ ಹೊರಳಿಸಿ ಹಾಡುತ್ತಿದ್ದರು. 1975ರಲ್ಲಿ ತೀರಿಕೊಂಡಾಗ ಕೈರೋದ ಬೀದಿಗಳಲ್ಲಿ ಲಕ್ಷಾಂತರ ಜನ ಸೇರಿದ್ದರು.

ಹುಡುಗನ ಬಟ್ಟೆಯ ಸಂಗತಿ ಓದಿದಾಗ ನನಗೆ ನಗು ಬರಲಿಲ್ಲ. "ದೊಡ್ಡಾಕಿ ಆಗೀದಿ, ಇನ್ನ ಗ್ಯಾದರಿಂಗಿನ್ಯಾಗ ಹಾಡೂದು ಸಾಕು" ಅಂತ ನಮ್ಮ ಮನೆಯಲ್ಲೂ ಈ ವರ್ಷ ಹೇಳಿದ್ದಾರೆ. ಅಣ್ಣನಿಗೆ ಹಾಗೆ ಯಾರೂ ಹೇಳಿಲ್ಲ. ಅವನಿಗೆ ಹಾಡಲು ಬರುವುದಿಲ್ಲ, ಆ ಮಾತು ಬೇರೆ.

ಎರಡನೆಯವರು ಅಮೆರಿಕದ ಮೇರಿಯನ್ ಆಂಡರ್ಸನ್. 1897ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದರು. ಕರಿಯ ಬಣ್ಣದವಳೆಂದು ಒಂದು ಸಂಗೀತ ಶಾಲೆ ಅವರನ್ನು ಸೇರಿಸಿಕೊಳ್ಳಲಿಲ್ಲ. ಅವರ ಚರ್ಚಿನ ಬಡ ಜನರೇ ದುಡ್ಡು ಕೂಡಿಸಿ ಪಾಠ ಹೇಳಿಸಿದರು. ಯುರೋಪಿನಲ್ಲೆಲ್ಲ ಹೆಸರು ಮಾಡಿದ ಮೇಲೂ, 1939ರಲ್ಲಿ ವಾಷಿಂಗ್ಟನ್ ನಗರದ ದೊಡ್ಡ ಸಭಾಂಗಣವನ್ನು ಅವರಿಗೆ ಕೊಡಲಿಲ್ಲ. ಸಭಾಂಗಣ ಒಂದು ಮಹಿಳಾ ಸಂಘದ್ದು. ಹೆಂಗಸರೇ ಹೆಂಗಸಿಗೆ ಬಾಗಿಲು ಹಾಕಿದರು ನೋಡಿ! ಆಗ ಅಧ್ಯಕ್ಷ ರೂಸ್‌ವೆಲ್ಟರ ಪತ್ನಿ ಎಲಿನೋರ್ ಆ ಸಂಘವನ್ನೇ ಬಿಟ್ಟರು. ಏಪ್ರಿಲ್ 9ರಂದು ಮೇರಿಯನ್ ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ, ಬಯಲಿನಲ್ಲಿ ನಿಂತು ಹಾಡಿದರು. ಚಳಿಯಿತ್ತು, ಕೋಟು ತೊಟ್ಟೇ ಹಾಡಿದರು. ಕೇಳಲು ಬಂದವರು ಸುಮಾರು 75,000 ಜನ. ಯಾವ ಸಭಾಂಗಣದಲ್ಲಿ ಅಷ್ಟು ಮಂದಿ ಹಿಡಿಸುತ್ತಿದ್ದರು? 1993ರಲ್ಲಿ ಅವರು ನಿಧನರಾದರು.

ಮೂರನೆಯವರು ನಮ್ಮ ಗಂಗೂಬಾಯಿ ಹಾನಗಲ್. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ಬಾಲ್ಯದಲ್ಲಿ ನೆರೆಮನೆಯವರ ತೋಟದ ಮಾವಿನಹಣ್ಣು ಕಿತ್ತಾಗ, ಹಾಡುವವರ ಮನೆಯ ಹುಡುಗಿ ತೋಟ ಹೊಕ್ಕಳೆಂದು ಬೈಸಿಕೊಂಡಿದ್ದರು. ಮುಂದೆ ಅದೇ ಮನೆಯವರು ಅವರನ್ನು ಗೌರವದಿಂದ ಕರೆದರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಎದುರು ಹಾಡಿದಾಗ ಅವರಿಗೆ 11 ವರ್ಷ, ನಮಗಿಂತ ಚಿಕ್ಕವರು.

ಅವರ ತಾಯಿ ಅಂಬಾಬಾಯಿಯವರದು ಕರ್ನಾಟಕ ಸಂಗೀತ. ಮಗಳಿಗೆ ಒಲಿದದ್ದು ಹಿಂದುಸ್ತಾನಿ. ತನ್ನ ಹಾಡು ಕಿವಿಗೆ ಬಿದ್ದು ಮಗಳ ಕಲಿಕೆ ಕೆಡಬಾರದೆಂದು ಆ ತಾಯಿ ತಾನೇ ಹಾಡುವುದನ್ನು ಬಿಟ್ಟರು. ಇದನ್ನು ನಾನು ಅವ್ವನಿಗೆ ಓದಿ ಹೇಳಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಖರೇನ ಬಿಟ್ರೇನು?" ಅಂತ ಎರಡು ಸಲ ಕೇಳಿದಳು. ಗ್ಯಾದರಿಂಗಿನ ಮಾತು ನಾನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಬಳಿ ಕಲಿತರು. ಭೀಮಸೇನ ಜೋಶಿಯವರೂ ಅದೇ ಗುರುಗಳ ಶಿಷ್ಯರು. ಗಂಟಲಿನ ಚಿಕಿತ್ಸೆಯ ನಂತರ ಗಂಗೂಬಾಯಿಯವರ ಧ್ವನಿ ಗಂಡಸರ ಧ್ವನಿಯಂತೆ ದಪ್ಪಗಾಯಿತು. ಆ ದಪ್ಪ ಧ್ವನಿಯೇ ಅವರ ಗುರುತಾಯಿತು. 2002ರಲ್ಲಿ ಪದ್ಮವಿಭೂಷಣ ಬಂತು. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ತೀರಿಕೊಂಡರು. ಕಣ್ಣುಗಳನ್ನು ದಾನ ಮಾಡಿದ್ದರು.

ಅಕ್ಕೋರಲ್ಲಿ ಒಂದು ವಿನಂತಿ. ಗಂಗೂಬಾಯಿಯವರ ಒಂದು ಹಾಡನ್ನು ಶನಿವಾರದ ಪ್ರಾರ್ಥನೆಯ ನಂತರ ನಮ್ಮ ಶಾಲೆಯ ಸ್ಪೀಕರಿನಲ್ಲಿ ಹಾಕಿಸಿರಿ. ಪ್ರಾರ್ಥನೆಯ ಸಾಲಿನಲ್ಲಿ "ಗಂಡುಧ್ವನಿ" ಎಂದು ಹುಡುಗರು ನಕ್ಕದ್ದಕ್ಕೆ ಬರೀ ತುಟಿ ಅಲ್ಲಾಡಿಸುತ್ತ ನಿಲ್ಲುವ ಹುಡುಗಿಯರು ಹಿಂದಿನ ಸಾಲಿನಲ್ಲಿ ಇಬ್ಬರಿದ್ದಾರೆ. ಅವರೂ ಕೇಳಲಿ, ನಕ್ಕವರೂ ಕೇಳಲಿ.

— ಒಂಬತ್ತನೇ ತರಗತಿಯ ವಿದ್ಯಾರ್ಥಿನಿ