ಕಾವೇರಿಯ ಬೆನ್ನು ಹತ್ತಿ ಜಯನಗರದಲ್ಲಿ

ಬೆಂಗಳೂರಿನ ಜಯನಗರಕ್ಕೆ ಕಾಲಿಡುವ ಕಡೆ ಸೌತ್ ಎಂಡ್ ಸರ್ಕಲ್ ಇದೆ. ಹೆಸರಿನ ಅರ್ಥ ದಕ್ಷಿಣದ ತುದಿ. ಈಗ ಅಲ್ಲಿ ನಿಂತು ನೋಡಿದರೆ ಯಾವ ತುದಿಯೂ ಕಾಣುವುದಿಲ್ಲ. ಜಯನಗರ ಮುಗಿಯಿತು ಅನ್ನುವಷ್ಟರಲ್ಲಿ ಬನಶಂಕರಿ, ಅದು ಮುಗಿಯಿತು ಅನ್ನುವಷ್ಟರಲ್ಲಿ ಜೆ.ಪಿ. ನಗರ, ಅದರಾಚೆಗೂ ಊರೋ ಊರು. ಒಂದು ಕಾಲಕ್ಕೆ ಪಟ್ಟಣ ಇಲ್ಲಿಗೆ ಮುಗಿಯುತ್ತಿತ್ತು ಅನ್ನುವುದನ್ನು ಆ ಹೆಸರೊಂದೇ ನೆನಪಿಟ್ಟುಕೊಂಡಿದೆ.

ನಾನು ಜಯನಗರಕ್ಕೆ ಬಂದು ನಲವತ್ತು ವರ್ಷದ ಮೇಲಾಯಿತು. ಆ ಸರ್ಕಲ್ ಸುತ್ತಿ ತರಕಾರಿಗೂ ಬ್ಯಾಂಕಿಗೂ ಅದೆಷ್ಟು ಸಲ ಹೋಗಿದ್ದೇನೋ! ಆ ಹೆಸರನ್ನು ಒಂದು ಸುಳಿವಿನ ಹಾಗೆ ನೋಡುವುದನ್ನು ನನಗೆ ಕಲಿಸಿದವಳು ಏಳನೇ ತರಗತಿಯ ನನ್ನ ಮೊಮ್ಮಗಳು. ಅವಳಿಗೆ ಕಲಿಸಿದ್ದು ಒಂದು ಪತ್ತೇದಾರಿ ಕಾದಂಬರಿ.

ಕಾದಂಬರಿಯ ಹೆಸರು ‘ದಿ ಬ್ಯಾಂಗಲೋರ್ ಡಿಟೆಕ್ಟಿವ್ಸ್ ಕ್ಲಬ್’. ಬರೆದವರು ಹರಿಣಿ ನಾಗೇಂದ್ರ. ಅವರು ಬೆಂಗಳೂರಿನವರೇ ಆದ ಪರಿಸರ ವಿಜ್ಞಾನಿ, ಈ ಊರಿನ ಕೆರೆಗಳನ್ನೂ ಮರಗಳನ್ನೂ ವರ್ಷಗಟ್ಟಲೆ ಅಧ್ಯಯನ ಮಾಡಿದವರು. ಪುಸ್ತಕ ಬಂದದ್ದು 2022ರಲ್ಲಿ, ಕಥೆ ನಡೆಯುವುದು 1921ರ ಬೆಂಗಳೂರಿನಲ್ಲಿ. ಕಥೆಯ ನಾಯಕಿ ಕಾವೇರಿ. ವಯಸ್ಸು ಹತ್ತೊಂಬತ್ತು, ಗಂಡ ರಾಮು ವೈದ್ಯ. ಅವಳಿಗೆ ಗಣಿತ ಅಂದರೆ ಪ್ರಾಣ. ಒಂದು ರಾತ್ರಿ ಸೆಂಚುರಿ ಕ್ಲಬ್ಬಿನ ಔತಣಕ್ಕೆ ಗಂಡನ ಜೊತೆ ಹೋಗುತ್ತಾಳೆ. ಗದ್ದಲ ಸಾಕಾಗಿ ತೋಟದ ಕಡೆ ನಡೆದರೆ, ಕತ್ತಲಲ್ಲಿ ಯಾರೋ ಸುಳಿದಾಡಿದ ಹಾಗೆ ಕಾಣುತ್ತದೆ. ಸ್ವಲ್ಪ ಹೊತ್ತಿನಲ್ಲೇ ಅಲ್ಲೊಂದು ಕೊಲೆ! ದಿಕ್ಕಿಲ್ಲದ ಒಬ್ಬ ಹೆಂಗಸಿನ ಕಡೆಗೆ ಅನುಮಾನ ತಿರುಗುತ್ತದೆ. ಅವಳನ್ನು ಉಳಿಸಲೇಬೇಕು ಅಂತ ಕಾವೇರಿ ಸೆರಗು ಸಿಕ್ಕಿಸಿಕೊಂಡು ಹೊರಡುತ್ತಾಳೆ. ಅಲ್ಲಿಂದ ಮುಂದೆ ಓಟ, ಗಲ್ಲಿ ಗಲ್ಲಿ ಸುತ್ತಾಟ, ಅಪಾಯ. ಕೊಲೆಗಾರ ಯಾರು ಅಂತ ನಾನು ಹೇಳುವುದಿಲ್ಲ. ಹೇಳಿದರೆ ಮೊಮ್ಮಗಳು ನನ್ನನ್ನು ಮನೆಗೆ ಸೇರಿಸಲಿಕ್ಕಿಲ್ಲ.

ನಾವಿಬ್ಬರೂ ಈ ಪುಸ್ತಕ ಓದಿದ ರೀತಿಯೇ ಬೇರೆ. ನನ್ನ ಓದೆಲ್ಲ ಕನ್ನಡದಲ್ಲಿ. ಸಣ್ಣ ಅಕ್ಷರದ ಇಂಗ್ಲಿಷ್ ಕಾದಂಬರಿ ಹಿಡಿದರೆ ನಾಲ್ಕನೇ ಪುಟಕ್ಕೆ ಕಣ್ಣು ನೀರಾಡುತ್ತದೆ. ಅವಳ ಓದೆಲ್ಲ ಇಂಗ್ಲಿಷಿನಲ್ಲಿ. ಕನ್ನಡ ಮಾತಾಡುತ್ತಾಳೆ, ಆದರೆ ‘ಊಟಕ್ಕೆ ಏನು’, ‘ಶೂ ಎಲ್ಲಿ’ ಅನ್ನುವಷ್ಟಕ್ಕೆ ಮಾತು ಮುಗಿಯುತ್ತಿತ್ತು. ಅದಕ್ಕೇ ಒಂದು ಒಪ್ಪಂದ ಮಾಡಿಕೊಂಡೆವು. ಮಧ್ಯಾಹ್ನ ಅವಳು ಒಂದು ಅಧ್ಯಾಯ ಓದಬೇಕು, ಸಂಜೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತು ನನಗೆ ಅದನ್ನು ಕನ್ನಡದಲ್ಲಿ ಹೇಳಬೇಕು.

ಮೊದಲ ದಿನ ಅವಳ ಕಥೆ ಹೀಗಿತ್ತು: “ಅಜ್ಜಿ, ಆ ಲೇಡೀನ ಪೊಲೀಸ್ ಸಸ್ಪೆಕ್ಟ್ ಮಾಡ್ತಾರೆ, ಆದ್ರೆ ಕಾವೇರಿಗೆ ಒಂದು ಕ್ಲೂ ಸಿಗತ್ತೆ.” ನಾನು ಅಡ್ಡ ಹಾಕಿದೆ, “ಕ್ಲೂ ಅಂದ್ರೆ ಸುಳಿವು ಪುಟ್ಟಿ. ಪೊಲೀಸರಿಗೆ ಅವಳ ಮೇಲೆ ಅನುಮಾನ.” ಎರಡನೇ ದಿನ ‘ಸುಳಿವು’ ತಾನಾಗಿಯೇ ಬಂತು. ಮೂರನೇ ದಿನ ‘ಅಲಿಬಿ’ ಅನ್ನುವ ಪದ ಬಂದು ಇಬ್ಬರೂ ಸಿಕ್ಕಿಬಿದ್ದೆವು. ಅದಕ್ಕೆ ಒಂದೇ ಪದ ನನಗೂ ಹೊಳೆಯಲಿಲ್ಲ. ಕೊನೆಗೆ ಅವಳೇ ಹೇಳಿದಳು, “ಆ ಹೊತ್ತಲ್ಲಿ ನಾನು ಅಲ್ಲಿರಲೇ ಇಲ್ಲ ಅನ್ನೋದಕ್ಕೆ ಸಾಕ್ಷಿ.” ಇದಕ್ಕಿಂತ ಚೆನ್ನಾಗಿ ನಾನೂ ಹೇಳಲಾರೆ.

ಕಥೆ ಓಡುವಾಗ ಮಾತೂ ಓಡಲೇಬೇಕು. ಕಾವೇರಿ ಕತ್ತಲಲ್ಲಿ ನಿಂತಿದ್ದಾಳೆ, ಹಿಂದೆ ಹೆಜ್ಜೆ ಸಪ್ಪಳ. ಅಂಥ ಕಡೆ ಯಾವ ಮಗು ತಾನೇ ಪದ ಗೊತ್ತಿಲ್ಲ ಅಂತ ನಿಲ್ಲುತ್ತದೆ? ಕೈ ತಿರುಗಿಸಿ, ಕಣ್ಣರಳಿಸಿ, ಹೇಗೋ ಕನ್ನಡ ಹುಡುಕಿಕೊಳ್ಳುತ್ತದೆ. ವ್ಯಾಕರಣದ ಪುಸ್ತಕ ಮಾಡದ ಕೆಲಸವನ್ನು ಕಾವೇರಿ ಹದಿನೈದು ದಿನದಲ್ಲಿ ಮಾಡಿದಳು.

ಅವಳು ಕಥೆ ಕೊಟ್ಟಳು, ನಾನು ಊರು ಕೊಟ್ಟೆ. ಅವಳು ‘ಕಂಟೋನ್ಮೆಂಟ್’ ಅಂದಾಗ ನಾನು, “ನಮ್ಮ ಹಿರಿಯರು ಅದನ್ನು ದಂಡು ಅಂತಿದ್ರು” ಅಂದೆ. ಆಗ ಇದ್ದದ್ದು ಒಂದು ಬೆಂಗಳೂರಲ್ಲ, ಎರಡು. ಮೈಸೂರು ಮಹಾರಾಜರ ಆಡಳಿತದ ಪೇಟೆ ಒಂದು, ಬ್ರಿಟಿಷರ ಕೈಯಲ್ಲಿದ್ದ ದಂಡು ಇನ್ನೊಂದು. ಎರಡೂ ಕೂಡಿ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ. ಕೊಲೆ ನಡೆಯುವ ಸೆಂಚುರಿ ಕ್ಲಬ್ ಕಟ್ಟುಕಥೆಯಲ್ಲ. ಕಬ್ಬನ್ ಪಾರ್ಕಿನಲ್ಲಿ ಇಂದಿಗೂ ಇದೆ, 1917ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಶುರುಮಾಡಿದ್ದು. ಇನ್ನು ಬಸವನಗುಡಿ, ಮಲ್ಲೇಶ್ವರಗಳು ಎದ್ದದ್ದು 1898ರ ಪ್ಲೇಗಿನ ನಂತರ. ಇಕ್ಕಟ್ಟಿನ ಪೇಟೆಯಿಂದ ಜನರನ್ನು ಗಾಳಿ ಬೆಳಕಿನ ಜಾಗಕ್ಕೆ ಕಳಿಸಲು ಮಾಡಿದ ಬಡಾವಣೆಗಳು ಅವು.

“ಹಾಗಾದ್ರೆ ಕಾವೇರಿ ಕಾಲದಲ್ಲಿ ನಮ್ಮನೆ ಇರೋ ಜಾಗದಲ್ಲಿ ಏನಿತ್ತು ಅಜ್ಜಿ?” ಅಂತ ಅವಳು ಕೇಳಿದಳು. ಒಳ್ಳೆಯ ಪ್ರಶ್ನೆ. ಭಾನುವಾರ ಪತ್ತೆ ಮಾಡೋಣ ಅಂದೆ.

ಈ ನಡುವೆ ಮನೆಯಲ್ಲಿ ಸಣ್ಣದೊಂದು ತಕರಾರು ಎದ್ದಿತು. ಪರೀಕ್ಷೆ ಹತ್ತಿರ ಬರುತ್ತಿದೆ, ಈಗ ಕೊಲೆ ಕಥೆ ಯಾಕೆ ಅಂತ ಅವಳ ಅಮ್ಮನ ಪ್ರಶ್ನೆ. ನನಗೆ ನನ್ನ ಬಾಲ್ಯ ನೆನಪಾಯಿತು. ಆಗ ಮನೆ ಮನೆಯಲ್ಲೂ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು. ‘ಪತ್ತೇದಾರ ಪುರುಷೋತ್ತಮ’ದಿಂದ ಹೆಸರಾದ ಅವರು ಶಾಲೆಯಲ್ಲಿ ಹೆಚ್ಚು ಓದಿದವರಲ್ಲ, ಬರೆದ ಕಾದಂಬರಿಗಳು ಮಾತ್ರ 500ಕ್ಕೂ ಹೆಚ್ಚು. 2011ರಲ್ಲಿ ತೀರಿಕೊಂಡರು. ಅಕ್ಷರ ಕೂಡಿಸಿ ಓದುತ್ತಿದ್ದ ಎಷ್ಟೋ ಜನ ಅವರ ಪುಸ್ತಕ ಹಿಡಿದು ಸರಾಗವಾಗಿ ಓದುವುದನ್ನು ಕಲಿತರು. ನಮ್ಮಣ್ಣ ಬಾಡಿಗೆ ಲೈಬ್ರರಿಯಿಂದ ತರುತ್ತಿದ್ದ, ಎಲ್ಲರ ಕೈ ದಾಟಿ ಕೊನೆಗೆ ನನ್ನ ಕೈಗೆ ಬರುತ್ತಿತ್ತು. “ಹೆಣ್ಣುಮಕ್ಕಳಿಗೆ ಯಾಕೆ ಇಂಥ ಪುಸ್ತಕ?” ಅಂತ ಹಿರಿಯರು ಅಂದರೂ ಓದು ನಿಲ್ಲಲಿಲ್ಲ.

ಆದರೆ ಒಂದು ಮಾತು. ಆ ಕಾದಂಬರಿಗಳ ಪತ್ತೇದಾರರ ಹೆಸರು ಪುರುಷೋತ್ತಮ, ಮಧುಸೂದನ, ಅರಿಂಜಯ. ಎಲ್ಲರೂ ಗಂಡಸರು. ಓದುವಾಗ ನಾನು ಮನಸ್ಸಿನಲ್ಲೇ ಪುರುಷೋತ್ತಮನಾಗಬೇಕಿತ್ತು. ಮುನ್ನುಗ್ಗುವ ಹೆಣ್ಣು ಸಿಗುತ್ತಿದ್ದದ್ದು ಚರಿತ್ರೆಯ ಪಾಠದಲ್ಲಿ. ಚಿತ್ರದುರ್ಗದ ಒನಕೆ ಓಬವ್ವನನ್ನೇ ನೋಡಿ. ಕಾವಲಿನ ಗಂಡ ಊಟಕ್ಕೆ ಕೂತಿದ್ದಾನೆ, ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ಒಬ್ಬೊಬ್ಬರಾಗಿ ನುಸುಳುತ್ತಿದ್ದಾರೆ, ಅವಳ ಕೈಯಲ್ಲಿ ಒಂದು ಒನಕೆ. ಉಸಿರು ಬಿಗಿಹಿಡಿದು ಓದಲು ಇದಕ್ಕಿಂತ ಬೇಕೆ? ಅಮೆರಿಕದ ಮಕ್ಕಳಿಗೆ 1930ರಲ್ಲೇ ನ್ಯಾನ್ಸಿ ಡ್ರೂ ಅನ್ನುವ ಹುಡುಗಿ ಪತ್ತೇದಾರಿಣಿಯಾಗಿ ಸಿಕ್ಕಳು. ಪುಸ್ತಕದ ಮೇಲಿದ್ದ ಕ್ಯಾರೊಲಿನ್ ಕೀನ್ ಅನ್ನುವ ಹೆಸರು ಕಾವ್ಯನಾಮವಂತೆ, ಮೊದಲ ಪುಸ್ತಕಗಳನ್ನು ಬರೆದವರು ಮಿಲ್ಡ್ರೆಡ್ ವರ್ಟ್ ಅನ್ನುವ ಮಹಿಳೆ. ಅಲ್ಲೂ ಒಂದು ಗುಟ್ಟು!

ಅವಳ ಅಮ್ಮನಿಗೆ ನಾನು ಇಷ್ಟೇ ಹೇಳಿದೆ: “ಈ ಕಥೇಲಿ ಕೊಲೆ ಇದೆ, ನಿಜ. ಆದ್ರೆ ನಿನ್ನ ಮಗಳು ನೆನಪಿಟ್ಕೊಂಡಿರೋದು ಕೊಲೆನಲ್ಲ. ಎಲ್ಲರೂ ಕಳ್ಳಿ ಅಂತ ಬೆರಳು ತೋರಿಸಿದವಳ ಮಾತನ್ನ ಒಬ್ಬಳು ನಿಂತು ಕೇಳಿದಳಲ್ಲ, ಅದನ್ನ.” ಅಮ್ಮ ಸುಮ್ಮನಾದಳು. ದಿನಕ್ಕೆ ಒಂದೇ ಅಧ್ಯಾಯ, ಲೆಕ್ಕ ಮಾಡಿದ ಮೇಲೆ ಮಾತ್ರ ಅಂತ ತೀರ್ಮಾನವಾಯಿತು. ಕಾವೇರಿಗೂ ಲೆಕ್ಕ ಇಷ್ಟ ತಾನೆ, ಮೊಮ್ಮಗಳು ಒಪ್ಪಿಕೊಂಡಳು.

ಭಾನುವಾರ ಬೆಳಿಗ್ಗೆ ಹೊರಟೆವು. ಮೊದಲ ಸುಳಿವು ಸೌತ್ ಎಂಡ್ ಸರ್ಕಲ್. ಎರಡನೆಯದು ಅಲ್ಲಿಗೆ ಹತ್ತಿರದ ಅಶೋಕ ಸ್ತಂಭ. ನಾಲ್ಕು ಸಿಂಹಗಳ ಆ ಕಂಬ ಜಯನಗರದ ಹುಟ್ಟಿನ ಗುರುತು. 1948ರಲ್ಲಿ, ರಾಜಾಜಿ ಗವರ್ನರ್ ಜನರಲ್ ಆಗಿದ್ದಾಗ, ಅವರ ಕೈಯಿಂದಲೇ ಇಲ್ಲಿ ಬಡಾವಣೆಗೆ ನಾಂದಿಯಾಯಿತು. ಜಯಚಾಮರಾಜ ಒಡೆಯರ ಹೆಸರಿನಿಂದ ಜಯನಗರ. “ಅಂದ್ರೆ 1921ರಲ್ಲಿ ಜಯನಗರ ಇರಲೇ ಇಲ್ಲ!” ಅಂತ ಮೊಮ್ಮಗಳು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಳು.

ಇಲ್ಲದಿದ್ದರೆ ಮತ್ತೇನಿತ್ತು? ಉತ್ತರ ಬಸ್ಸಿನ ಬೋರ್ಡುಗಳ ಮೇಲೇ ಇದೆ. ಬಿ.ಟಿ.ಎಂ. ಲೇಔಟ್ ಅಂತ ದಿನಾ ಓದುತ್ತೇವಲ್ಲ, ಅದನ್ನು ಬಿಡಿಸಿದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರು ಹಳ್ಳಿಗಳು. ಬೈರಸಂದ್ರದ ಕೊನೆಯಲ್ಲಿರುವ ‘ಸಂದ್ರ’ ಅಂದರೆ ಸಮುದ್ರ. ನಮ್ಮ ಕಡೆ ದೊಡ್ಡ ಕೆರೆಯನ್ನು ಹಿಂದಿನವರು ಸಮುದ್ರ ಅನ್ನುತ್ತಿದ್ದರು, ಬಾಯಿಂದ ಬಾಯಿಗೆ ಅದು ಸವೆದು ಸಂದ್ರವಾಯಿತು. ತಾವರೆಕೆರೆಯನ್ನಂತೂ ಬಿಡಿಸಿ ಹೇಳುವುದೇ ಬೇಡ. ಯಡಿಯೂರು, ಸಾರಕ್ಕಿ, ಪುಟ್ಟೇನಹಳ್ಳಿ ಎಲ್ಲವೂ ಹೀಗೇ, ಬಡಾವಣೆಯ ಹೊಟ್ಟೆಯೊಳಗೆ ಹೆಸರು ಉಳಿಸಿಕೊಂಡ ಹಳ್ಳಿಗಳು, ಜೊತೆಗೊಂದೊಂದು ಕೆರೆ. ಕಾವೇರಿಯ ಕಾಲದಲ್ಲಿ ಇಲ್ಲಿದ್ದದ್ದು ಕೆರೆ, ಹೊಲ, ತೋಪು. ಕೇಸು ಬಗೆಹರಿಯಿತು!

ಸಾಕ್ಷಿ ನೋಡದೆ ಪತ್ತೇದಾರಿಣಿ ಬಿಡುತ್ತಾಳೆಯೆ? ಮೆಟ್ರೊ ಹತ್ತಿದೆವು. ಹಸಿರು ಮಾರ್ಗದಲ್ಲಿ ಆರ್.ವಿ. ರಸ್ತೆಗೆ ಬಂದು, ಅಲ್ಲಿಂದ 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗಕ್ಕೆ ಬದಲಾಯಿಸಿದರೆ, ರಾಗಿಗುಡ್ಡ, ಜಯದೇವ ಆಸ್ಪತ್ರೆ ದಾಟಿ ಮೂರನೆಯದೇ ಬಿ.ಟಿ.ಎಂ. ಲೇಔಟ್. ಮೇಲಿನಿಂದ ನೋಡಿದರೆ ಬರೀ ತಾರಸಿ, ನೀರಿನ ಟ್ಯಾಂಕು. ಆಟೋ ಹಿಡಿದು ಮಡಿವಾಳ ಕೆರೆಯ ದಂಡೆಗೆ ಹೋದಾಗ ಗಾಳಿಯೇ ಬದಲಾಯಿತು. ಇಷ್ಟು ಮನೆಗಳ ನಡುವೆ ಅಷ್ಟಗಲ ನೀರು. ದೂರದಲ್ಲಿ ಹೆಜ್ಜಾರ್ಲೆಗಳು, ಕೊಕ್ಕಿನ ಕೆಳಗೆ ಚೀಲ ತೂಗುಹಾಕಿಕೊಂಡ ಹಕ್ಕಿಗಳು, ದೋಣಿಗಳ ಹಾಗೆ ತೇಲುತ್ತಿದ್ದವು. “ಅಜ್ಜಿ, ಇವು 1921ರಲ್ಲೂ ಬಂದಿರಬಹುದು ಅಲ್ವಾ?” ಅಂದಳು. ಬಂದಿರಬಹುದು ಪುಟ್ಟಿ, ಅವುಗಳಿಗೆ ಮಾತ್ರ ಹಳೇ ವಿಳಾಸ ಗೊತ್ತು ಅಂದೆ.

ಪುಸ್ತಕದಲ್ಲಿ ನನಗೆ ತುಂಬ ಹಿಡಿಸಿದ ಪಾತ್ರ ಉಮಾ ಆಂಟಿ. ಕಾವೇರಿಯ ನೆರೆಮನೆಯ ಹಿರಿಯ ಹೆಂಗಸು. ವಯಸ್ಸಾಯಿತು ಅಂತ ಮೂಲೆ ಹಿಡಿಯದೆ ಪತ್ತೇದಾರಿಕೆಗೂ ಜೊತೆಯಾಗುತ್ತಾಳೆ. ಕೆರೆ ದಂಡೆಯಲ್ಲಿ ಕೋಡುಬಳೆ ತಿನ್ನುತ್ತಾ ಮೊಮ್ಮಗಳು, “ನಮ್ಮ ಕ್ಲಬ್ಬಿಗೆ ನೀನೇ ಉಮಾ ಆಂಟಿ” ಅಂತ ನನ್ನನ್ನು ಸೇರಿಸಿಕೊಂಡಳು. ನನ್ನ ಮಂಡಿನೋವಿಗೆ ರಿಯಾಯಿತಿಯೂ ಸಿಕ್ಕಿತು. ಓಡುವ ಕೆಲಸ ಅವಳದ್ದು, ಯೋಚಿಸುವ ಕೆಲಸ ನನ್ನದು.

ಪುಸ್ತಕ ಮುಗಿಯಿತು. ಕಾವೇರಿಯ ಕಥೆಗಳು ಮುಂದೆಯೂ ಇವೆ, ‘ಮರ್ಡರ್ ಅಂಡರ್ ಎ ರೆಡ್ ಮೂನ್’, ‘ಎ ನೆಸ್ಟ್ ಆಫ್ ವೈಪರ್ಸ್’ ಹೀಗೆ. ಆದರೆ ಈ ಸಲ ಮೊಮ್ಮಗಳು ಬೇರೆಯೇ ಹಟ ಹಿಡಿದಳು. ಹುಡುಗಿಯೇ ಪತ್ತೇದಾರಿಣಿ ಆಗಿರುವ ಪುಸ್ತಕ ಕನ್ನಡದಲ್ಲಿ ಬೇಕು, ನಾನೇ ಓದುತ್ತೇನೆ ಅಂತ. ನಮ್ಮ ಬಡಾವಣೆಯ ಸರ್ಕಾರಿ ಗ್ರಂಥಾಲಯಕ್ಕೆ ಕರೆದುಕೊಂಡು ಹೋದೆ. ಕರ್ನಾಟಕದಲ್ಲಿ ಗ್ರಂಥಾಲಯಗಳಿಗಾಗಿಯೇ 1965ರ ಕಾಯ್ದೆ ಇದೆ. ನಾವು ಆಸ್ತಿ ತೆರಿಗೆ ಕಟ್ಟುವಾಗ ಅದರ ಜೊತೆ ಗ್ರಂಥಾಲಯಕ್ಕೆ ಅಂತಲೇ ಶೇ 6ರಷ್ಟು ಸೆಸ್ ಸೇರಿರುತ್ತದೆ. ಹಾಗಾಗಿ ಅಲ್ಲಿನ ಪುಸ್ತಕ ಯಾರ ಉಪಕಾರವೂ ಅಲ್ಲ, ನಮ್ಮದೇ.

ಪತ್ತೇದಾರಿ ಕಪಾಟಿನ ಪುಸ್ತಕಗಳು ಗುರುತು ಹಿಡಿಯಲು ಸುಲಭ. ರಟ್ಟು ಬಿಟ್ಟು, ಮೂಲೆ ಮಡಿಸಿ, ನೂರಾರು ಕೈ ಕಂಡು ಮೆತ್ತಗಾಗಿರುತ್ತವೆ. ಅವಳು ಒಂದೊಂದನ್ನೇ ತೆಗೆದು ಮೊದಲ ಪುಟ ನೋಡಿದಳು. “ಇಲ್ಲೂ ಹುಡುಗನೇ ಅಜ್ಜಿ” ಅಂತ ಮತ್ತೆ ಇಟ್ಟಳು. ಎಂಟು ಪುಸ್ತಕ ನೋಡಿದ ಮೇಲೆ ನರಸಿಂಹಯ್ಯನವರದ್ದೇ ಒಂದನ್ನು ಆರಿಸಿದಳು. ಪುರುಷೋತ್ತಮನ ಹೆಸರನ್ನು ಮನಸ್ಸಿನಲ್ಲೇ ಪುರುಷೋತ್ತಮಿ ಅಂತ ಮಾಡಿಕೊಂಡು ಓದುತ್ತಾಳಂತೆ.

ನಗು ಬಂತು. ಜೊತೆಗೆ ಒಂದು ಆಸೆಯೂ ಬಂತು. ಕನ್ನಡದಲ್ಲಿ ಬರೆಯುವವರೇ, ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನಲ್ಲಿ ಕಳೆದುಹೋದ ಚೀಲವೊಂದರ ಹಿಂದೆ ಓಡುವ ಹುಡುಗಿಯ ಕಥೆ ಬರೆದುಕೊಡಿ. ಸೈಕಲ್ ಅವಳದ್ದೇ ಇರಲಿ, ಜಾಣತನವೂ ಅವಳದ್ದೇ ಇರಲಿ. ಅಜ್ಜಿ ತಾತಂದಿರೇ, ಮೊಮ್ಮಕ್ಕಳು ಯಾವ ಭಾಷೆಯಲ್ಲಾದರೂ ಓದಲಿ, ಸಂಜೆ ಪಕ್ಕದಲ್ಲಿ ಕೂರಿಸಿಕೊಂಡು “ಆಮೇಲೇನಾಯ್ತು?” ಅಂತ ಕೇಳಿ. ಮಕ್ಕಳೇ, ನಿಮ್ಮ ಬಡಾವಣೆಯ ಹೆಸರಿನ ಕೊನೆಯಲ್ಲಿ ಕೆರೆಯೋ, ಹಳ್ಳಿಯೋ, ಸಂದ್ರವೋ ಇದೆಯೇ ನೋಡಿ. ಇದ್ದರೆ ಅಲ್ಲಿಂದಲೇ ನಿಮ್ಮ ಪತ್ತೇದಾರಿ ಶುರು.