ಆವನಿಯ ದಾರಿಯಲ್ಲಿ

ಮನೆಯನ್ನೇ ಜೊತೆಯಲ್ಲಿ ಹೊತ್ತುಕೊಂಡು ಊರೂರು ಸುತ್ತಬೇಕೆಂಬ ಆಸೆಯು ನಮಗೆ ಬಹುಕಾಲದಿಂದ ಇದ್ದಿತು. ಕಳೆದ ಮಾಘಮಾಸದಲ್ಲಿ ಅದು ಕೈಗೂಡಿತು. ಸ್ನೇಹಿತರೊಬ್ಬರು ತಮ್ಮ ಕ್ಯಾಂಪರು ಗಾಡಿಯನ್ನು ಮೂರು ದಿನಗಳ ಮಟ್ಟಿಗೆ ಕೊಟ್ಟರು. ನಾಲ್ಕು ಚಕ್ರಗಳಿಗೂ ಎಂಜಿನಿನ ಬಲವು ದೊರೆಯುವುದರಿಂದ ಉತ್ತ ನೆಲದಲ್ಲಿಯೂ ಅದು ಸುಲಭವಾಗಿ ಸಿಕ್ಕಿಕೊಳ್ಳದು. ಒಳಗೆ ಮಲಗಲು ಹಲಗೆ, ಅಡಿಗೆಗೆ ಒಲೆ, ನೀರಿಗೆ ಪೀಪಾಯಿ. ಇನ್ನು ಯಾರ ಹಂಗೂ ಇಲ್ಲವೆಂದು ಹಿಗ್ಗುತ್ತ, ತಾಯಿಯವರನ್ನೂ ಮಕ್ಕಳಿಬ್ಬರನ್ನೂ ಕೂರಿಸಿಕೊಂಡು ದಂಪತಿಗಳು ಬೆಂಗಳೂರಿನಿಂದ ಹೊರಟೆವು.

ಹೊಸಕೋಟೆ, ಕೋಲಾರಗಳನ್ನು ದಾಟಿ ಮುಳಬಾಗಿಲಿನ ಕಡೆಗೆ ಸಾಗುವಾಗ ದೇವರಾಯಸಮುದ್ರವೆಂಬ ಊರು ಬಂದಿತು. “ಸಮುದ್ರ ಎಲ್ಲಿ, ಅಪ್ಪ?” ಎಂದು ಹಿರಿಯ ಮಗನು ಕೇಳಿದನು. ವರ್ಷಪೂರ್ತಿ ಹರಿಯುವ ಹೊಳೆಯೊಂದೂ ಇಲ್ಲದ ಈ ಸೀಮೆಯಲ್ಲಿ ದೊಡ್ಡ ಕೆರೆಯೇ ಸಮುದ್ರವೆಂದು ತಾಯಿಯವರು ಅವನಿಗೆ ತಿಳಿಯ ಹೇಳಿದರು. ಹೆದ್ದಾರಿಯನ್ನು ಬಿಟ್ಟು ಬಲಕ್ಕೆ ತಿರುಗಿ, ಹಳ್ಳಿಯ ದಾರಿಗಳಲ್ಲಿ ಕುಲುಕಾಡುತ್ತ ಆವನಿಯನ್ನು ಸೇರುವಾಗ ಬೈಗಾಗಿದ್ದಿತು. ಒಲೆ ಹಚ್ಚಲು ಹೋದ ನನ್ನ ಪತ್ನಿಯು ಬರಿಯ ಪಾತ್ರೆಯೊಡನೆ ಹೊರಕ್ಕೆ ಬಂದಳು. ಪೀಪಾಯಿಯ ಮೂತಿ ಸಡಿಲಿ ನೀರೆಲ್ಲವೂ ದಾರಿಯಲ್ಲಿಯೇ ಸೋರಿಹೋಗಿದ್ದಿತು!

ಎದುರುಮನೆಯ ಹೆಂಗಸು ಇದನ್ನು ಕಂಡು, ತಾನು ಕುಡಿಯಲೆಂದು ತಂದಿಟ್ಟಿದ್ದ ನೀರಿನ ಕ್ಯಾನನ್ನೇ ಎತ್ತಿಕೊಂಡು ಬಂದಳು. ತಾಯಿಯವರು ಹಣ ಕೊಡಹೋದರೆ, “ನೀರಿಗೆ ದುಡ್ಡೇನಮ್ಮಾ? ಮಕ್ಕಳಿಗೆ ಕುಡಿಸಿ” ಎಂದು ಹೊರಟುಹೋದಳು. ಯಾರ ಹಂಗೂ ಇಲ್ಲವೆಂದುಕೊಂಡಿದ್ದ ನನಗೆ ಆ ರಾತ್ರಿ ಬೇಗ ನಿದ್ರೆ ಬರಲಿಲ್ಲ.

ಬೆಳಗ್ಗೆ ದೇವಾಲಯಗಳಿಗೆ ಹೋದೆವು. ಒಂದೇ ಪ್ರಾಕಾರದೊಳಗೆ ರಾಮೇಶ್ವರ, ಲಕ್ಷ್ಮಣೇಶ್ವರ, ಭರತೇಶ್ವರ, ಶತ್ರುಘ್ನೇಶ್ವರರ ಗುಡಿಗಳಿವೆ. ಅರಿಯದೆ ಮಕ್ಕಳೊಡನೆ ಕಾದಿದ ದೋಷವನ್ನು ಕಳೆದುಕೊಳ್ಳಲು ರಾಮನೂ ತಮ್ಮಂದಿರೂ ಇಲ್ಲಿ ಲಿಂಗಗಳನ್ನು ಸ್ಥಾಪಿಸಿದರೆಂದು ಸ್ಥಳಪುರಾಣವು ಹೇಳುತ್ತದೆ. ಚರಿತ್ರೆಯ ಪ್ರಕಾರ ಇವು ನೊಳಂಬರ ಕಾಲದವು, ಹತ್ತನೆಯ ಶತಮಾನದವು. ಲಕ್ಷ್ಮಣೇಶ್ವರದ ಹೊರಗೋಡೆಯ ಕೆತ್ತನೆಯೂ, ಭುವನೇಶ್ವರಿಯಲ್ಲಿ ದಿಕ್ಪಾಲಕರ ನಡುವೆ ಕುಳಿತ ಉಮಾಮಹೇಶ್ವರರೂ ನೋಡತಕ್ಕವು.

ಆದರೆ ನನ್ನ ಮನಸ್ಸನ್ನು ಹಿಡಿದದ್ದು ಬೇರೊಂದು. ರೈಸ್ ಸಾಹೇಬರು 1905ರಲ್ಲಿ ಪ್ರಕಟಿಸಿದ ಕೋಲಾರ ಜಿಲ್ಲೆಯ ಶಾಸನಸಂಪುಟದಲ್ಲಿ ಇಲ್ಲಿಯ ತಪಸ್ವಿಯೊಬ್ಬನ ವಿಷಯವಿದೆ. ತ್ರಿಭುವನಕರ್ತನೆಂಬ ಆತನು ನಲವತ್ತು ವರ್ಷ ಈ ಸ್ಥಾನವನ್ನು ಆಳಿ, ಐವತ್ತು ದೇವಾಲಯಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಮಾಡಿಸಿ, ಕ್ರಿ. ಶ. 961ರಲ್ಲಿ ತೀರಿಕೊಂಡನಂತೆ. ಗುಡಿಯ ಜೊತೆಗೆ ಕೆರೆಯನ್ನೂ ಎಣಿಸಿ ಬರೆದವನ ವಿವೇಕವನ್ನು ಏನೆಂದು ಹೊಗಳೋಣ! ನಾವು ನಮ್ಮ ನೀರನ್ನು ನಮಗಾಗಿ ಹೊತ್ತುಕೊಂಡು ಬಂದೆವು. ಆತನು ಕಾಣದ ಯಾತ್ರಿಕರಿಗಾಗಿ ನೀರನ್ನು ನಿಲ್ಲಿಸಿ ಹೋದನು.

ಬಳಿಕ ಬೆಟ್ಟ. ಉತ್ತ ನೆಲಕ್ಕೂ ಅಂಜದ ಗಾಡಿಯು ಮೆಟ್ಟಿಲುಗಳ ಬುಡದಲ್ಲಿ ಸುಮ್ಮನೆ ನಿಂತಿತು. ತಾಯಿಯವರು ಮೊಮ್ಮಕ್ಕಳ ಹೆಗಲು ಹಿಡಿದು ಮೆಲ್ಲಮೆಲ್ಲನೆ ಹತ್ತಿದರು. ಇಲ್ಲಿಯೇ ವಾಲ್ಮೀಕಿಯ ಆಶ್ರಮವಿದ್ದಿತು, ಲವಕುಶರು ಹುಟ್ಟಿದರು ಎಂಬುದು ಜನರ ನಂಬಿಕೆ. ಬಂಡೆಗಳ ನಡುವಿನ ಧನುಷ್ಕೋಟಿಯ ನೀರನ್ನು ತಲೆಗೆ ಚಿಮುಕಿಸಿಕೊಂಡು, ಸೀತಾಪಾರ್ವತಿಯ ಗುಡಿಯ ಮುಂದೆ ಕೈಮುಗಿದು, “ಎರಡು ಹಸುಗೂಸುಗಳನ್ನು ಇಟ್ಟುಕೊಂಡಿದ್ದ ಈ ತಾಯಿಗೆ ನೀರು ತಂದುಕೊಟ್ಟವರು ಯಾರೋ!” ಎಂದರು. ನಮಗೆಲ್ಲರಿಗೂ ಎದುರುಮನೆಯವಳ ನೆನಪಾಯಿತು.

ಈ ಜಿಲ್ಲೆಯಲ್ಲಿ ಕೆರೆಗಳು ಬತ್ತಿ, ಕೊಳವೆಬಾವಿಗಳು ಆಳಕ್ಕೆ ಇಳಿಯುತ್ತ ಹೋದುವು. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರನ್ನು ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ಅದರ ಶುದ್ಧಿಯ ವಿಷಯದಲ್ಲಿ ವಾದಗಳೂ ನಡೆದಿವೆ. ನೀರು ಇಷ್ಟು ದುರ್ಲಭವಾದ ನಾಡಿನಲ್ಲಿ ಪರಸ್ಥಳದವರಿಗೆ ಅದನ್ನು ಬಿಟ್ಟಿಯಾಗಿ ಕೊಟ್ಟ ಕೈಯು ಚಿಕ್ಕದಲ್ಲ.

ಹೊರಡುವ ಮುನ್ನ ಶುದ್ಧನೀರಿನ ಘಟಕದಲ್ಲಿ ಕ್ಯಾನನ್ನು ತುಂಬಿಸಿ ಅವಳ ಜಗಲಿಯ ಮೇಲೆ ಇಟ್ಟುಬಂದೆವು. ಆವನಿಗೆ ಹೋಗುವ ವಾಚಕರು ಬಿಸಿಲೇರುವ ಮೊದಲೇ ಬೆಟ್ಟ ಹತ್ತಲಿ. ಕೆರೆಯ ಏರಿಯ ಮೇಲೆಯೂ ಸ್ವಲ್ಪ ಹೊತ್ತು ನಿಲ್ಲಲಿ.